ಜನ ಕಳುಹಿಸಿದ್ದನ್ನು ಜನರೇ ಪರಿಶೀಲಿಸುವುದು ಹೇಗೆ: ಕಾಸರಗೋಡಿನ ಊರುಹೆಸರುಗಳ ಸಂಗ್ರಹದ ಅನುಭವ

2021ರ ಜೂನ್ ತಿಂಗಳಿನಲ್ಲಿ ಕಾಸರಗೋಡಿನ ಕನ್ನಡ, ತುಳು ಊರುಹೆಸರುಗಳನ್ನು ಮಲಯಾಳಕ್ಕೆ ಬದಲಿಸುತ್ತಿದ್ದಾರೆ ಎಂಬ ಸುದ್ದಿ ಎದ್ದು ಎರಡು ರಾಜ್ಯಗಳಲ್ಲೂ ಗದ್ದಲವಾಯಿತು. ಅಂಥ ಯೋಚನೆಯೇ ಇಲ್ಲವೆಂದು ಕೇರಳ ಸರ್ಕಾರ ಹೇಳಿತು. ಮಧೂರು, ಕಾರಡ್ಕ, ಬೇಡಡ್ಕ, ಹೊಸದುರ್ಗ ಎಂಬ ಹೆಸರುಗಳು ಆ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಓಡಾಡಿದವು. ನನ್ನನ್ನು ಕಾಡಿದ್ದು ಬೇರೆಯೇ. ಫಲಕದ ಮೇಲಿರುವ ಹೆಸರಿಗೆ ಕಾವಲು ನಿಲ್ಲಲು ಜನರಿದ್ದಾರೆ. ಫಲಕವೇ ಇಲ್ಲದ ಗದ್ದೆ, ಕಟ್ಟೆ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ, ತೋಡುಗಳ ಹೆಸರುಗಳನ್ನು ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬೈಲುಗದ್ದೆಯಲ್ಲಿ ಮನೆ ಎದ್ದರೆ ಗದ್ದೆಯ ಹೆಸರನ್ನು ಮತ್ತೆ ಯಾರೂ ಕರೆಯುವುದಿಲ್ಲ.

ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾಗಿದ್ದ ನಾನು, ಮೂವರು ಗೆಳತಿಯರ ಜೊತೆ ಸೇರಿ ಆ ಹೆಸರುಗಳನ್ನು ಜನರಿಂದಲೇ ಪಡೆದು ಆನ್‌ಲೈನ್ ಸಂಗ್ರಹವೊಂದನ್ನು ಕಟ್ಟತೊಡಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಬರಹ, ಧ್ವನಿ ಸಂದೇಶ, ಚಿತ್ರ ಏನು ಕಳುಹಿಸಿದರೂ ಸರಿ ಎಂದೆವು. ಬಂದವು, ರಾಶಿಯಾಗಿ ಬಂದವು. ಮೊದಲ ಎರಡು ತಿಂಗಳು ಎಲ್ಲವನ್ನೂ ನಾನೇ ಓದಿದೆ. ಅದು ತಪ್ಪೆಂದು ತಿಳಿಯಲು ಅಷ್ಟು ಸಮಯ ಬೇಕಾಯಿತು. ನನಗೆ ಕನ್ನಡ, ತುಳು, ಮಲಯಾಳ ಬರುತ್ತದೆ. ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಬರುವುದಿಲ್ಲ. ಉಪ್ಪಳದಿಂದ ಬ್ಯಾರಿಯಲ್ಲಿ ಬಂದ ಧ್ವನಿ ಸಂದೇಶವನ್ನು ಅರ್ಧ ತಿಳಿದು ಅರ್ಧ ಊಹಿಸಿ ದಾಖಲಿಸಿದರೆ ಅದು ಕಳುಹಿಸಿದವರ ಹೆಸರಿನಲ್ಲಿ ನನ್ನ ಊಹೆಯಾಗುತ್ತದೆ. ಆಗಲೇ ಸ್ವಯಂಸೇವಕ ಪರಿಶೀಲಕರನ್ನು ಹುಡುಕಿದ್ದು. ಈಗ ಏಳು ಜನ ಇದ್ದಾರೆ. ನಮ್ಮಂತೆ ಜನರಿಂದ ಪದ, ಗಾದೆ, ಹಳೆಯ ಚಿತ್ರ, ಅಡುಗೆಯ ವಿಧಾನ, ಏನನ್ನೇ ಸಂಗ್ರಹಿಸುವವರಿಗೂ ಉಪಯೋಗಕ್ಕೆ ಬರಬಹುದು ಎಂದು, ನಾವು ಮಾಡಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಜನರನ್ನು ಕರೆಯುವ ಮೊದಲು, ಅವರು ಏನನ್ನು ತೀರ್ಮಾನಿಸಬೇಕು ಎಂಬುದನ್ನು ಒಂದು ಪುಟಕ್ಕೆ ಮೀರದಂತೆ ಬರೆದಿಡಿ. ನಮ್ಮ ಪುಟದಲ್ಲಿ ಮೂರೇ ಪ್ರಶ್ನೆಗಳಿವೆ. ಇದರಿಂದ ಬದುಕಿರುವ ಯಾರಿಗಾದರೂ ತೊಂದರೆಯಾಗುತ್ತದೆಯೇ? ಇದು ಕಳುಹಿಸಿದವರದ್ದೇ ಮಾತೇ, ಎಲ್ಲಿಂದಾದರೂ ನಕಲು ಮಾಡಿದ್ದೇ? ಇದು ಅವರಿಗೆ ಹೇಗೆ ಗೊತ್ತು? ಮೂರನೆಯದಕ್ಕೆ ನಾಲ್ಕು ಚೀಟಿಗಳು: ಕಂಡದ್ದು, ಕೇಳಿದ್ದು, ಓದಿದ್ದು, ಊಹಿಸಿದ್ದು. ಪ್ರತಿ ದಾಖಲೆಗೂ ಇವುಗಳಲ್ಲಿ ಒಂದನ್ನು ಅಂಟಿಸಲೇಬೇಕು.

'ಇದು ನಿಜವೇ' ಎಂಬ ಪ್ರಶ್ನೆ ಆ ಪುಟದಲ್ಲಿ ಇಲ್ಲ. ಅದನ್ನು ಬೇಕೆಂದೇ ಬಿಟ್ಟಿದ್ದೇವೆ. ನಮ್ಮ ಪಟ್ಟಣದ ಹೆಸರನ್ನೇ ನೋಡಿ. ಕಾಸರಕ ಮರಗಳು ದಟ್ಟವಾಗಿದ್ದ ಜಾಗವಾದ್ದರಿಂದ ಕಾಸರಗೋಡು ಎನ್ನುವವರಿದ್ದಾರೆ. ಕೆರೆ ಎಂಬ ಅರ್ಥದ 'ಕಾಸಾರ', ಅದರ ಜೊತೆ 'ಕ್ರೋಡ' ಎಂಬ ಸಂಸ್ಕೃತ ಪದಗಳಿಂದ ಬಂತೆನ್ನುವವರೂ ಇದ್ದಾರೆ. ನಮ್ಮ ಏಳು ಜನರಲ್ಲಿ ಯಾರಿಗೂ ಇದನ್ನು ತೀರ್ಮಾನಿಸುವ ಅಧಿಕಾರವಿಲ್ಲ, ಸಾಧನವೂ ಇಲ್ಲ. ಆದರೆ ಒಬ್ಬರು ತಮ್ಮ ಅಜ್ಜ ಹೀಗೆ ಹೇಳುತ್ತಿದ್ದರು ಎಂದು ಬರೆದಿದ್ದಾರೋ, ತಾವೇ ಕೂತು ಪದ ಒಡೆದಿದ್ದಾರೋ ಎಂಬುದನ್ನು ಗಮನವಿಟ್ಟು ಓದುವ ಯಾರು ಬೇಕಾದರೂ ಹೇಳಬಲ್ಲರು. ಪರಿಶೀಲಕರಿಗೆ ಅವರ ಕೈಗೆಟುಕುವ ಕೆಲಸವನ್ನು ಮಾತ್ರ ಕೊಡಬೇಕು. ನಿಜವನ್ನು ತೀರ್ಮಾನಿಸಿ ಎಂದು ಹೇಳಿದರೆ ಮೊದಲ ವಾರದಲ್ಲೇ ಜಗಳ ಶುರುವಾಗುತ್ತದೆ. ನಮ್ಮ ಕಡೆಯಲ್ಲಂತೂ ಒಂದು ಹೆಸರು ಕನ್ನಡವೋ ತುಳುವೋ ಮಲಯಾಳವೋ ಎಂಬ ಪ್ರಶ್ನೆಯ ಹಿಂದೆ, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಆರದ ನೋವಿದೆ.

ಇನ್ನು ಯಾರನ್ನು ಕರೆಯಬೇಕು? ಪದವಿ ನೋಡಬೇಡಿ. ಈಗಾಗಲೇ ನಿಮಗೆ ಒಳ್ಳೆಯ ದಾಖಲೆಗಳನ್ನು ಕಳುಹಿಸಿದವರಲ್ಲೇ ಹುಡುಕಿ. ನಾನು ಎರಡು ವಿಷಯ ನೋಡಿದೆ. ಕನಿಷ್ಠ ಐದು ದಾಖಲೆಗಳನ್ನು ಕಳುಹಿಸಿರಬೇಕು. 'ಇದು ನಿಮಗೆ ಹೇಗೆ ಗೊತ್ತಾಯಿತು' ಎಂದು ಕೇಳಿದಾಗ ಸಿಟ್ಟಾಗದೆ ಉತ್ತರಿಸಿರಬೇಕು. ಎರಡನೆಯದರಲ್ಲಿ ಅನೇಕ ವಿದ್ವಾಂಸರು ಉಳಿಯಲಿಲ್ಲ. ಉಳಿದವರಲ್ಲಿ ಒಬ್ಬರು ಪೆರ್ಲದ ಕಡೆಯ ನಿವೃತ್ತ ಅಂಚೆಯಣ್ಣ. ನಮ್ಮ ಹಳ್ಳಿಗಳಲ್ಲಿ ವಿಳಾಸವೆಂದರೆ ಮನೆಯ ಹೆಸರು, ಜಾಗದ ಹೆಸರು. ಒಂದೇ ಹೆಸರಿನ ಎರಡು ಮನೆಗಳ ನಡುವೆ ಕಾಗದ ತಪ್ಪದಂತೆ ಜೀವಮಾನವೆಲ್ಲ ನಡೆದ ಮನುಷ್ಯ ಅವರು. ಇನ್ನೊಬ್ಬರು ಐದು ಭಾಷೆ ಆಡುವ ಆಟೋ ಚಾಲಕರು. ಅಡೂರಿನ ಕಡೆಯ ಮರಾಠಿ ಮನೆಮಾತಿನ ಒಬ್ಬ ಅಂಗನವಾಡಿ ಟೀಚರ್, ಒಬ್ಬ ಕಾಲೇಜು ವಿದ್ಯಾರ್ಥಿನಿ, ಇಬ್ಬರು ಅಡಿಕೆ ಕೃಷಿಕರು, ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಿದ್ದ ಒಬ್ಬರು. ಇವರಿಗೆ 'ಮಾಡರೇಟರ್' ಎಂಬ ಹೆಸರು ಇಡಲಿಲ್ಲ. ಆ ಪದ ಕೇಳಿದರೆ ಕೆಲವರಿಗೆ ಹೆದರಿಕೆ, ಕೆಲವರಿಗೆ ದರ್ಪ ಬರುತ್ತದೆ. 'ನೋಡುವವರು' ಎಂದು ಕರೆದೆವು.

ಎಲ್ಲರಿಗೂ ಪ್ರಕಟಣೆ ಕೊಟ್ಟು ಕರೆಯುವುದಕ್ಕಿಂತ ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ಕೇಳುವಾಗಲೇ ಮಿತಿಯನ್ನು ಹೇಳಿ: ವಾರಕ್ಕೆ ಹತ್ತು ದಾಖಲೆ, ಮೂರು ತಿಂಗಳು, ಆಮೇಲೆ ಬಿಡುವು. ಮಿತಿ ಹೇಳದೆ ಕರೆದಾಗ ಎಲ್ಲರೂ ಒಪ್ಪುತ್ತಾರೆ, ನಾಲ್ಕನೆಯ ವಾರಕ್ಕೆ ಯಾರೂ ಇರುವುದಿಲ್ಲ. ಊರಿನ ಕಾಲಮಾನವನ್ನೂ ನೋಡಿಕೊಳ್ಳಿ. ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ತೋಟಕ್ಕೆ ಮದ್ದು ಬಿಡುವ ಕೆಲಸ. ಬಿಸಿಲು ಸಿಕ್ಕ ಅರ್ಧ ದಿನವನ್ನೂ ಕೃಷಿಕರು ನಿಮಗೆ ಕೊಡಲಾರರು, ಕೊಡಬೇಕಾಗಿಯೂ ಇಲ್ಲ. ದೈವಗಳ ಕೋಲ, ನೇಮ, ಜಾತ್ರೆಗಳ ತಿಂಗಳುಗಳಲ್ಲಿ ಅಂಚೆಯಣ್ಣ ಸಿಗುವುದಿಲ್ಲ. ಮಾರ್ಚಿನಲ್ಲಿ ವಿದ್ಯಾರ್ಥಿನಿಗೆ ಪರೀಕ್ಷೆ. ಈ ಮೂರೂ ಒಟ್ಟಿಗೆ ಬಾರದಂತೆ ಸರದಿ ಹಾಕುವುದೇ ನನ್ನ ಪಾಲಿನ ದೊಡ್ಡ ಕೆಲಸ.

ಎಲ್ಲ ದಾಖಲೆಗೂ ಒಂದೇ ತೂಕದ ಪರಿಶೀಲನೆ ಬೇಡ. ಇದನ್ನು ನಾನು ಪಕ್ಷಿ ವೀಕ್ಷಕರಿಂದ ಕಲಿತೆ. ಜನರು ತಾವು ಕಂಡ ಹಕ್ಕಿಗಳನ್ನು ಆನ್‌ಲೈನಿನಲ್ಲಿ ದಾಖಲಿಸುವ 'ಇಬರ್ಡ್' ಎಂಬ ವ್ಯವಸ್ಥೆ 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು ಮತ್ತು ಆಡುಬಾನ್ ಸಂಸ್ಥೆಯವರು ಆರಂಭಿಸಿದ್ದು. ಪ್ರದೇಶ ಮತ್ತು ತಿಂಗಳಿಗೆ ತಕ್ಕಂತೆ ಯಾವ ಹಕ್ಕಿ ಎಷ್ಟು ಕಾಣಬಹುದು ಎಂಬ ಮಿತಿಯನ್ನು ಅಲ್ಲಿ ಮೊದಲೇ ಇಟ್ಟಿರುತ್ತಾರೆ. ಮಿತಿಯೊಳಗಿನದು ನೇರವಾಗಿ ಸೇರುತ್ತದೆ. ಮೀರಿದ್ದನ್ನು ಮಾತ್ರ ಆ ಪ್ರದೇಶದ ಸ್ವಯಂಸೇವಕ ಪರಿಶೀಲಕರು ನೋಡುತ್ತಾರೆ, ಬೇಕಾದರೆ ಕಂಡವರನ್ನೇ ಕೇಳುತ್ತಾರೆ. ದೃಢಪಡದ ದಾಖಲೆ ಕಳುಹಿಸಿದವರ ಸ್ವಂತ ಪಟ್ಟಿಯಲ್ಲಿ ಉಳಿಯುತ್ತದೆ, ಸಾರ್ವಜನಿಕ ಲೆಕ್ಕಕ್ಕೆ ಮಾತ್ರ ಸೇರುವುದಿಲ್ಲ. ನಾನು ಬಹಳ ಗೌರವಿಸುವ ಕ್ರಮ ಇದು. ಯಾರ ಮಾತನ್ನೂ ಅಳಿಸಿದಂತಾಗುವುದಿಲ್ಲ, ಸಂಗ್ರಹವೂ ಕೆಡುವುದಿಲ್ಲ.

ನಾವೂ ಹಾಗೆಯೇ ವಿಂಗಡಿಸುತ್ತೇವೆ. ಜಾಗದ ಹೆಸರು, ಅದು ಎಲ್ಲಿದೆ, ಬೈಲೋ ಮಜಲೋ ಬೆಟ್ಟೋ (ತಗ್ಗಿನ ಗದ್ದೆಯೋ, ನಡುವಿನದೋ, ಎತ್ತರದ್ದೋ), ಇಷ್ಟೇ ಇದ್ದರೆ ಒಬ್ಬರು ನೋಡಿದರೆ ಸಾಕು. ಹೆಸರು ಹೇಗೆ ಬಂತೆಂಬ ಕಥೆ, ಮನೆತನದ ವಿಷಯ, ದೈವ-ದೇವಸ್ಥಾನಗಳ ವಿಷಯ, ಜಾತಿಯ ಉಲ್ಲೇಖ ಇದ್ದರೆ ಇಬ್ಬರು ನೋಡಲೇಬೇಕು. ಫೋನ್ ಸಂಖ್ಯೆ, ಸರ್ವೆ ಸಂಖ್ಯೆ, ಜಾಗದ ಆಧಾರಪತ್ರದ ಚಿತ್ರ ಇದ್ದರೆ ಪರಿಶೀಲಕರ ಬಳಿಗೆ ಹೋಗುವ ಮೊದಲೇ ನಾನು ತೆಗೆಯುತ್ತೇನೆ. ಹಳೆಯ ಮೂಲಗೇಣಿ ಚೀಟುಗಳಲ್ಲಿ, ಅಂದರೆ ಕಾಯಂ ಗೇಣಿಯ ಪತ್ರಗಳಲ್ಲಿ, ಎಷ್ಟೋ ಗದ್ದೆಗಳ ಹೆಸರು ಸಿಗುತ್ತದೆ, ನಿಜ. ಹೆಸರನ್ನು ಬರೆದುಕೊಂಡು ಚಿತ್ರವನ್ನು ಅಳಿಸಿ ಎಂದೇ ನನ್ನ ಸಲಹೆ.

ಇಬ್ಬರು ನೋಡಬೇಕಾದಲ್ಲಿ ಯಾವ ಇಬ್ಬರು ಎಂಬುದು ಮುಖ್ಯ. ಆರಂಭದಲ್ಲಿ ಒಂದು ತೋಟದ ಹೆಸರಿನ ಕಥೆಯನ್ನು ಒಬ್ಬರೇ ನೋಡಿ ಸೇರಿಸಿದರು. ಪಕ್ಕದ ಮನೆಯವರು ಆ ಜಾಗವನ್ನು ಒಳಗೆ ಹಾಕಿಕೊಂಡರು ಎಂಬ ಸಾಲು ಅದರಲ್ಲಿತ್ತು. ನೋಡಿದವರು ಕಳುಹಿಸಿದವರ ಸಂಬಂಧಿ ಎಂಬುದು ನನಗೆ ತಿಳಿದಿರಲಿಲ್ಲ. ಅವರಿಗೂ ಅದು ಹೇಳಬೇಕಾದ ವಿಷಯವೆಂದು ಅನ್ನಿಸಿರಲಿಲ್ಲ. ಮೂರನೆಯ ದಿನ ಪಕ್ಕದ ಮನೆಯವರು ನನ್ನ ಜಗಲಿಗೆ ಬಂದು ಕೂತರು. ಅವರು ದನಿ ಏರಿಸಲಿಲ್ಲ. 'ಟೀಚರೇ, ನನ್ನ ಮಗಳಿಗೆ ನೀವೇ ಲೆಕ್ಕ ಕಲಿಸಿದ್ದು' ಎಂದಷ್ಟೇ ಹೇಳಿದರು. ಅಂದೇ ಆ ಸಾಲನ್ನು ತೆಗೆದು, ಅವರಲ್ಲಿ ಕ್ಷಮೆ ಕೇಳಿದೆ.

ಅಂದಿನಿಂದ ನಿಯಮ ಹೀಗಿದೆ. ಇಬ್ಬರಲ್ಲಿ ಒಬ್ಬರು ಆ ಜಾಗವನ್ನು ಬಲ್ಲವರು, ಇನ್ನೊಬ್ಬರು ದೂರದ ಊರಿನವರು. ಇಬ್ಬರ ಮನೆಮಾತು ಬೇರೆ ಇರಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮದನ್ನು ಬರೆದು ಮುಗಿಸುವವರೆಗೆ ನೋಡಬಾರದು; ಮೊದಲಿನವರ ಅಭಿಪ್ರಾಯ ಕಂಡರೆ ಎರಡನೆಯವರು ಓದುವುದು ದಾಖಲೆಯನ್ನಲ್ಲ, ಆ ಅಭಿಪ್ರಾಯವನ್ನು. ಸಂಬಂಧ, ನೆರೆಹೊರೆ, ಜಾಗದ ತಕರಾರು, ದೇವಸ್ಥಾನದ ಸಮಿತಿ, ಇವುಗಳಲ್ಲಿ ಯಾವುದಾದರೂ ಇದ್ದರೆ 'ಇದು ನನಗೆ ಬೇಡ' ಎಂದು ಹಿಂತಿರುಗಿಸಬೇಕು. ಕಾರಣ ಕೇಳುವುದಿಲ್ಲ. ಕಾರಣ ಕೇಳಿದರೆ ಸಂಕೋಚದಿಂದ ಇಟ್ಟುಕೊಂಡುಬಿಡುತ್ತಾರೆ.

ಮನೆಮಾತು ಬೇರೆ ಇರಬೇಕೆಂಬ ನಿಯಮದಿಂದ ನಾನು ಎಣಿಸದ ಲಾಭವೂ ಆಯಿತು. ಪಿಲಿಕುಂಜೆ ಎಂದು ಒಬ್ಬರು, ಪುಲಿಕುನ್ನು ಎಂದು ಇನ್ನೊಬ್ಬರು ಬರೆದು, ತಮ್ಮದೇ ಮೂಲವೆಂದು ಇಬ್ಬರೂ ಖಾರವಾಗಿ ಸಾಧಿಸಿದ್ದರು. ತುಳು ಮನೆಮಾತಿನವರೂ ಮಲಯಾಳ ಮನೆಮಾತಿನವರೂ ಅದನ್ನು ನೋಡಿದರು. ತುಳುವಿನ ಪಿಲಿ, ಮಲಯಾಳದ ಪುಲಿ ಎರಡೂ ಒಂದೇ ಹುಲಿ ಎಂದು ಇಬ್ಬರೂ ಬೇರೆ ಬೇರೆಯಾಗಿ ಬರೆದಿದ್ದರು. ಎರಡು ರೂಪಗಳನ್ನೂ, ಯಾರ ಮನೆಯಲ್ಲಿ ಯಾವುದು ಬಳಕೆಯಲ್ಲಿದೆ ಎಂಬುದನ್ನೂ ಅಕ್ಕಪಕ್ಕ ಇಟ್ಟೆವು. ಖಾರದ ಮಾತುಗಳನ್ನು ಮಾತ್ರ ಕಳುಹಿಸಿದವರ ಒಪ್ಪಿಗೆ ಪಡೆದು ತೆಗೆದೆವು.

ಇಬ್ಬರಿಗೂ ಅಭಿಪ್ರಾಯ ಬೇರೆಯಾದರೆ ಮೂರನೆಯವರಿಗೆ ಕಳುಹಿಸಿ. ಅವರು ಬರೀ ಹೌದು ಅಥವಾ ಅಲ್ಲ ಎಂದರೆ ಸಾಲದು, ಎರಡು ಸಾಲಿನ ಕಾರಣ ಬರೆಯಬೇಕು.

ಈಗ ಗಣಿತದ ಒಂದು ಮಾತು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಶಿಬಿರದಲ್ಲಿ ಮುಖ್ಯ ಪರೀಕ್ಷಕರು ನಾವು ನೋಡಿದ ಉತ್ತರಪತ್ರಿಕೆಗಳಲ್ಲಿ ಕೆಲವನ್ನು ತೆಗೆದು ಮತ್ತೆ ನೋಡುತ್ತಿದ್ದರು. ಅದರಿಂದ ನನಗೆಂದೂ ಅವಮಾನವೆನಿಸಿರಲಿಲ್ಲ. ನನ್ನ ಕೈ ಸಡಿಲವಾಗಿದೆಯೋ ಬಿಗಿಯಾಗಿದೆಯೋ ತಿಳಿಯುತ್ತಿತ್ತು. ಪರಿಶೀಲಕರಿಗೂ ಅದು ಬೇಕು. ಅನೇಕರು ಇಬ್ಬರ ಉತ್ತರ ಎಷ್ಟು ಕಡೆ ಒಂದೇ ಆಗಿದೆ ಎಂದು ಎಣಿಸಿ ಸಮಾಧಾನಪಡುತ್ತಾರೆ. ಆ ಎಣಿಕೆ ಮೋಸ ಮಾಡುತ್ತದೆ. ಇಬ್ಬರು ಏನನ್ನೂ ಓದದೆ ಹತ್ತರಲ್ಲಿ ಒಂಬತ್ತನ್ನು ಒಪ್ಪುತ್ತಾ ಹೋದರು ಎಂದುಕೊಳ್ಳಿ. ನೂರರಲ್ಲಿ 81 ಕಡೆ ಇಬ್ಬರೂ ಒಪ್ಪಿರುತ್ತಾರೆ, 1 ಕಡೆ ಇಬ್ಬರೂ ಹಿಂತಿರುಗಿಸಿರುತ್ತಾರೆ. ಬರೀ ಆಕಸ್ಮಿಕವಾಗಿ 82 ಕಡೆ ಹೊಂದಾಣಿಕೆ! ಹಾಗಾದರೆ ನಿಜವಾಗಿ ಓದುವವರ ಹೊಂದಾಣಿಕೆ 85 ಬಂದರೆ, ಆಕಸ್ಮಿಕವನ್ನು ಮೀರಿದ್ದು 3 ಮಾತ್ರ. ಮೀರಲು ಸಾಧ್ಯವಿದ್ದದ್ದು, 82ರಿಂದ ನೂರರವರೆಗೆ, 18. ಮೂರನ್ನು ಹದಿನೆಂಟರಿಂದ ಭಾಗಿಸಿದರೆ ಸುಮಾರು 0.17. ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ 'ಕಪ್ಪಾ' ಎಂಬ ಅಳತೆ ಇದೇ. ಒಂದು ಎಂಬುದು ಪೂರ್ಣ ಹೊಂದಾಣಿಕೆ, ಸೊನ್ನೆ ಎಂಬುದು ಆಕಸ್ಮಿಕ. 0.17 ಬಂದರೆ ನಿಮ್ಮ ಪರಿಶೀಲಕರು ಸೋಮಾರಿಗಳು ಎಂದು ತಿಳಿಯಬೇಡಿ. ಹೆಚ್ಚಿನ ಸಲ ನಿಮ್ಮ ಸೂಚನೆಯ ಪುಟವೇ ಸ್ಪಷ್ಟವಾಗಿರುವುದಿಲ್ಲ. ನಮ್ಮಲ್ಲಿ 'ಕೇಳಿದ್ದು' ಮತ್ತು 'ಊಹಿಸಿದ್ದು' ಎಂಬ ಚೀಟಿಗಳ ನಡುವೆಯೇ ಗೊಂದಲವಿತ್ತು. 'ಯಾರಿಂದ ಕೇಳಿದ್ದು ಎಂದು ಒಬ್ಬ ವ್ಯಕ್ತಿಯನ್ನು ಹೇಳಲು ಸಾಧ್ಯವಿಲ್ಲದಿದ್ದರೆ ಅದು ಊಹಿಸಿದ್ದು' ಎಂಬ ಸಾಲನ್ನು ಸೇರಿಸಿದ ಮೇಲೆ ಗೊಂದಲ ಬಹುಪಾಲು ಹೋಯಿತು.

ಇನ್ನೊಂದು ಉಪಾಯ, ಉತ್ತರ ಮೊದಲೇ ತೀರ್ಮಾನವಾಗಿರುವ ದಾಖಲೆಗಳನ್ನು ನಡುನಡುವೆ ಸೇರಿಸುವುದು. ಕಂಪ್ಯೂಟರ್ ಕ್ರಮವಿಧಿಗಾರರು ಪ್ರಶ್ನೋತ್ತರ ನಡೆಸುವ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪರಿಶೀಲಕರ ಮುಂದೆ ಹೀಗೆ ಪರೀಕ್ಷೆಯ ಪ್ರಶ್ನೆಗಳನ್ನು ಇಡುತ್ತಾರೆ. ನಾವು ಇಪ್ಪತ್ತಕ್ಕೆ ಎರಡನ್ನು ಸೇರಿಸುತ್ತೇವೆ, ಹೀಗೆ ಸೇರಿಸುತ್ತೇವೆ ಎಂದು ಮೊದಲೇ ಹೇಳಿರುತ್ತೇವೆ. ಹೇಳದೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಪುಕ್ಕಟೆಯಾಗಿ ದುಡಿಯುವವರನ್ನು ಬಲೆಯಲ್ಲಿ ಹಿಡಿಯಬಾರದು.

ಹಿಂತಿರುಗಿಸುವ ಪತ್ರದ ಬಗ್ಗೆ ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕಾಗಿದೆ. ಮೀಯಪದವಿನ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಫೋನಿನಿಂದ ಒಂದು ಕಟ್ಟೆಯ ಹೆಸರನ್ನೂ ಕಥೆಯನ್ನೂ ಹೇಳಿ ಕಳುಹಿಸಿದ್ದರು. ನಮ್ಮಲ್ಲೊಬ್ಬರು ಅದಕ್ಕೆ ಉತ್ತರವಾಗಿ 'ಆಧಾರವಿಲ್ಲ' ಎಂಬ ಒಂದೇ ಪದ ಬರೆದರು. ನಮ್ಮ ಕಡೆ ಆಧಾರವೆಂದರೆ ಜಾಗದ ಕಾಗದಪತ್ರ. ಅದಲ್ಲದೆ ಈಗ ಎಲ್ಲ ಕಡೆ ಕೇಳುವ ಕಾರ್ಡಿನ ಹೆಸರೂ ಅದೇ. ಅಜ್ಜಿ ತಮ್ಮ ಆಧಾರ್ ಕಾರ್ಡಿನ ಎರಡೂ ಬದಿಯ ಚಿತ್ರ ತೆಗೆಸಿ ಕಳುಹಿಸಿದರು. ಆ ಚಿತ್ರ ನೋಡಿ ನನಗೆ ಊಟ ಸೇರಲಿಲ್ಲ. ತನ್ನ ಊರಿನ ಕಟ್ಟೆಯ ಹೆಸರು ಹೇಳಲು ತಾನು ಯಾರೆಂದು ರುಜುವಾತು ಕೊಡಬೇಕೆಂದು ಎಂಬತ್ತು ದಾಟಿದ ಒಬ್ಬರಿಗೆ ನಾವು ಅನ್ನಿಸುವಂತೆ ಮಾಡಿದ್ದೆವು. ಚಿತ್ರವನ್ನು ಅಳಿಸಿ, ಮರುದಿನ ಬಸ್ಸು ಹಿಡಿದು ಅವರ ಮನೆಗೆ ಹೋದೆ. ಬೆಲ್ಲ ಮತ್ತು ನೀರು ಕೊಟ್ಟು ಕೂರಿಸಿದರು. ಕಟ್ಟೆಯ ಹೆಸರನ್ನು ಅವರ ಅತ್ತೆ ಹೇಳಿದ್ದಂತೆ. 'ಕೇಳಿದ್ದು' ಎಂಬ ಚೀಟಿಗೆ ಅಷ್ಟು ಸಾಕಿತ್ತು. ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಅಂದು ಅವರು ಇನ್ನೂ ಹನ್ನೊಂದು ಗದ್ದೆಗಳ ಹೆಸರು ಹೇಳಿದರು.

ಆಮೇಲೆ ಪತ್ರದ ಮಾದರಿಯೊಂದನ್ನು ಬರೆದುಕೊಂಡೆವು. ಅದು ಹೀಗಿದೆ: 'ನಮಸ್ಕಾರ. ನೀವು ಕಳುಹಿಸಿದ ಹೆಸರನ್ನು ನಮ್ಮಲ್ಲಿ ಇಬ್ಬರು ಗಮನವಿಟ್ಟು ಓದಿದ್ದಾರೆ. ಹೆಸರು ಮತ್ತು ಜಾಗವನ್ನು ಸೇರಿಸುತ್ತಿದ್ದೇವೆ. ಅದು ಬಂದ ಬಗೆಯ ಕುರಿತು ಒಂದು ವಿಷಯ ತಿಳಿಯಬೇಕಿತ್ತು: ಇದನ್ನು ನಿಮಗೆ ಯಾರು ಹೇಳಿದರು, ಸುಮಾರು ಯಾವಾಗ? ನೆನಪಿಲ್ಲದಿದ್ದರೂ ತೊಂದರೆಯಿಲ್ಲ, ಹಾಗೆಂದೇ ಬರೆಯುತ್ತೇವೆ. ನಮ್ಮ ತೀರ್ಮಾನ ಸರಿಯಿಲ್ಲವೆಂದು ಕಂಡರೆ ತಿಳಿಸಿ, ಬೇರೆ ಇಬ್ಬರು ಮತ್ತೆ ನೋಡುತ್ತಾರೆ.' ಮೊದಲು ಸೇರಿಸಿದ್ದನ್ನು ಹೇಳಬೇಕು, ಆಮೇಲೆ ಉಳಿದದ್ದನ್ನು. ಪ್ರಶ್ನೆ ಒಂದೇ ಇರಬೇಕು. ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಇದನ್ನೇ ಅವರ ಮಾತಿನಲ್ಲಿ ಧ್ವನಿ ಸಂದೇಶವಾಗಿ ಕಳುಹಿಸುತ್ತೇವೆ. ತುಳುವಿನಲ್ಲಿ ಬಂದದ್ದಕ್ಕೆ ಉತ್ತರವೂ ತುಳುವಿನಲ್ಲೇ ಹೋಗುತ್ತದೆ.

ಪತ್ರಕ್ಕೆ ಸಹಿ ನನ್ನದು. ನೋಡಿದವರು ಯಾರೆಂದು ಹೇಳುವುದಿಲ್ಲ. ದೊಡ್ಡ ನಗರದಲ್ಲಿ ಇದು ಬೇಕೋ ಬೇಡವೋ, ನಮ್ಮಲ್ಲಿ ಬೇಕೇ ಬೇಕು. ಪರಿಶೀಲಕರು ಮತ್ತು ಕಳುಹಿಸಿದವರು ನಾಳೆ ಬದಿಯಡ್ಕದ ಬಸ್ ನಿಲ್ದಾಣದಲ್ಲಿ ಎದುರಾಗುತ್ತಾರೆ, ಮುಂದಿನ ವಾರ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಸಿಟ್ಟಿನ ಫೋನು ಬಂದರೆ ಅದು ನನಗೆ ಬರಲಿ. ವರ್ಷದ ಕೊನೆಗೆ ಒಪ್ಪಿದವರ ಹೆಸರನ್ನು ಮಾತ್ರ ಒಟ್ಟಾಗಿ ಕೃತಜ್ಞತೆಯ ಪುಟದಲ್ಲಿ ಹಾಕುತ್ತೇವೆ. ಇಬ್ಬರು ಬೇಡವೆಂದಿದ್ದಾರೆ.

ಊರುಹೆಸರಿನ ಸುದ್ದಿ ಮತ್ತೆ ಬಿಸಿಯೇರಿದ ದಿನಗಳಲ್ಲಿ ದಾಖಲೆಗಳು ಹೊಳೆಯಂತೆ ಬರುತ್ತವೆ, ಅರ್ಧಕ್ಕರ್ಧ ಯಾರೋ ಬರೆದು ಹಂಚಿದ್ದು. ಅಂಥ ವಾರ ಏನನ್ನೂ ಸೇರಿಸಬೇಡಿ. ಬಂದದ್ದನ್ನೆಲ್ಲ ತೆಗೆದಿಟ್ಟು, 'ನಿಮ್ಮದು ತಲುಪಿದೆ, ಮುಂದಿನ ವಾರ ನೋಡುತ್ತೇವೆ' ಎಂದು ತಿಳಿಸಿ. ಪರಿಶೀಲಕರಿಗೂ ಆ ವಾರ ತಲೆ ಬಿಸಿಯಿರುತ್ತದೆ. ನನಗೂ ಇರುತ್ತದೆ.

ಒಂದು ಪುಸ್ತಕ ಇಡಿ, ಕಾಗದದ್ದೇ ಆದರೂ ಸರಿ. ಕಷ್ಟದ ತೀರ್ಮಾನ ಬಂದಾಗಲೆಲ್ಲ ದಿನಾಂಕ, ಪ್ರಶ್ನೆ, ತೀರ್ಮಾನ, ಕಾರಣವನ್ನು ಅದರಲ್ಲಿ ಬರೆಯಿರಿ. ಹೊಸದಾಗಿ ಸೇರುವ ಪರಿಶೀಲಕರಿಗೆ ನಾನು ಮೊದಲು ಕೊಡುವುದು ಸೂಚನೆಯ ಪುಟವನ್ನಲ್ಲ, ಈ ಪುಸ್ತಕವನ್ನು. ಕಳೆದ ವಾರ ಅಂಚೆಯಣ್ಣ ಅದರಲ್ಲಿ ಬರೆಸಿದ ಸಾಲು ಇದು: 'ಮನೆತನದ ದೈವದ ಕಥೆ. ಕಳುಹಿಸಿದವರು ಆ ಮನೆಯ ಅಳಿಯ. ಜಾಗದ ಹೆಸರು ಸೇರಿಸಿದೆ. ಕಥೆಯನ್ನು ಮನೆಯ ಹಿರಿಯರ ಒಪ್ಪಿಗೆ ಬರುವವರೆಗೆ ತೆಗೆದಿಟ್ಟಿದೆ.' ಹಿರಿಯರನ್ನು ಕೇಳಲು ಅವರೇ ಭಾನುವಾರ ಹೋಗುತ್ತಿದ್ದಾರೆ.